ನ್ಯೂಜೆರ್ಸಿಯ ಸ್ಯಾಕ್ಸೊಫೋನು, ಚಿಂತಾಮಣಿಯ ವಾಲಗ

ನನ್ನ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಒಂದು ಚೀಟಿ ಬಂತು. ಬ್ಯಾಂಡಿಗೆ ಸೇರುವುದಾದರೆ ಯಾವ ವಾದ್ಯ ಬೇಕು, ಗುರುತು ಹಾಕಿ ಅಂತ. ಇಲ್ಲಿ ನ್ಯೂಜೆರ್ಸಿಯಲ್ಲಿ ಅವಳು ಹೋಗುವುದು ಸರ್ಕಾರಿ ಶಾಲೆ. ಲೆಕ್ಕ, ವಿಜ್ಞಾನದ ಹಾಗೆ ಸಂಗೀತಕ್ಕೂ ಮೇಷ್ಟ್ರು ಇದ್ದಾರೆ. ವಾದ್ಯ ಕೊಳ್ಳಬೇಕು ಅಂತಿಲ್ಲ, ಅಂಗಡಿಯಿಂದ ತಿಂಗಳ ಬಾಡಿಗೆಗೆ ತರಬಹುದು. ಅವಳು ಆಲ್ಟೊ ಸ್ಯಾಕ್ಸೊಫೋನ್ ಆರಿಸಿಕೊಂಡಳು. ಪೆಟ್ಟಿಗೆ ತೆಗೆದಾಗ ನನಗೆ ಚಿಂತಾಮಣಿಯ ಮಾವನೇ ಕಣ್ಣ ಮುಂದೆ ಬಂದರು.

ಮಾವ ನಮಗೆ ನೆಂಟರಲ್ಲ, ಎದುರು ಮನೆಯವರು. ವಾಲಗದವರು. ಮೊದಲು ನಾಗಸ್ವರ ಊದುತ್ತಿದ್ದರು. ಕದ್ರಿ ಗೋಪಾಲನಾಥರ ಕ್ಯಾಸೆಟ್ ಕೇಳಿ ಕೇಳಿ ಸ್ಯಾಕ್ಸೊಫೋನ್ ಹಿಡಿದರು. ಮದುವೆ, ಗೃಹಪ್ರವೇಶ, ಜಾತ್ರೆ, ಗುರುಪೂರ್ಣಿಮೆಗೆ ಕೈವಾರ, ಹೀಗೆ ವರ್ಷವೆಲ್ಲ ಓಡಾಟ. ತಾಳಿ ಕಟ್ಟುವಾಗ ಗಟ್ಟಿಮೇಳಕ್ಕೆ ಎಲ್ಲರಿಗೂ ಅವರು ಬೇಕು. ಆದರೆ ಅದಕ್ಕೆ ಮುಂಚೆ ಒಂದು ಗಂಟೆ ಕೂತು ಊದಿದ ರಾಗ ಯಾರೂ ಕೇಳುತ್ತಿರಲಿಲ್ಲ. ಚಿಕ್ಕವಳಾಗಿದ್ದಾಗ ನಾನೂ ಕೇಳಲಿಲ್ಲ. ಈಗ ನೆನೆಸಿಕೊಂಡರೆ ಸಂಕಟ ಆಗುತ್ತದೆ. ಅವರ ಮಗ ವಾದ್ಯ ಮುಟ್ಟಲೇ ಇಲ್ಲ. ನರಸಾಪುರದ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾನೆ.

ಮಗಳ ನೆಪದಲ್ಲಿ ನಾನು ಜಾಸ್ ಕೇಳತೊಡಗಿದೆ, ನುಡಿಸುತ್ತಲೇ ಹೊಸದಾಗಿ ಕಟ್ಟಿಕೊಳ್ಳುವ ಅಮೆರಿಕದ ಸಂಗೀತ ಅದು. ಆಗ ಸಿಕ್ಕಿದ ಹೆಸರು ರುದ್ರೇಶ್ ಮಹಾಂತಪ್ಪ. ಹೆಸರು ಓದಿದ ಕೂಡಲೇ ಎದ್ದು ಕೂತೆ. ಅಮೆರಿಕದ ದೊಡ್ಡ ಆಲ್ಟೊ ಸ್ಯಾಕ್ಸೊಫೋನ್ ಕಲಾವಿದರಲ್ಲಿ ಒಬ್ಬರು. ಹುಟ್ಟಿದ್ದು 1971ರಲ್ಲಿ, ಇಟಲಿಯಲ್ಲಿ. ಬೆಳೆದದ್ದು ಕೊಲೊರಾಡೊದಲ್ಲಿ. ಜಾಸ್ ಸ್ಯಾಕ್ಸೊಫೋನಿನ ದೊಡ್ಡ ಹೆಸರಾದ ಚಾರ್ಲಿ ಪಾರ್ಕರ್ ಸಂಗೀತ ಕೇಳುತ್ತಾ ದೊಡ್ಡವರಾದವರು. ಬಾಸ್ಟನ್‌ನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುವಾಗ ಅಣ್ಣ ತಮಾಷೆಗೆ ಅಂತ ಒಂದು ಆಲ್ಬಂ ತಂದುಕೊಟ್ಟರಂತೆ. ಅದು ನಮ್ಮ ಕದ್ರಿಯವರದು! ತಮಾಷೆಗೆ ಕೊಟ್ಟದ್ದು ಅವರ ದಾರಿಯನ್ನೇ ತಿರುಗಿಸಿತು. ಮುಂದೆ ಇಬ್ಬರೂ ಜೊತೆಯಲ್ಲಿ ನುಡಿಸಿದರು. ಹಾಗೆ ನುಡಿಸಿದ್ದು 2008ರಲ್ಲಿ ಆಲ್ಬಂ ಆಗಿ ಬಂತು. ಹೆಸರು 'ಕಿನ್ಸ್‌ಮೆನ್', ಅಂದರೆ ನೆಂಟರು.

ಕದ್ರಿಯವರ ತಂದೆಯೂ ನಾಗಸ್ವರದವರೇ ಅಲ್ವಾ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮಗ ಅದನ್ನು ಹಿಡಿದ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ವರೆಗೂ ಹೋದರು. ಆ ಕ್ಯಾಸೆಟ್ಟುಗಳಿಂದಲೇ ನಮ್ಮ ಬೀದಿಯ ಮಾವನೂ ಕಲಿತರು. ಹಾಗೆ ನೋಡಿದರೆ ರುದ್ರೇಶ್ ಮತ್ತು ಮಾವ ಇಬ್ಬರೂ ಒಬ್ಬರೇ ಗುರುವನ್ನು ಮೊದಲು ದೂರದಿಂದ ಕೇಳಿದವರು.

ರುದ್ರೇಶ್ 2016ರಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಸ್ ವಿಭಾಗದ ನಿರ್ದೇಶಕರು. ಇಲ್ಲಿ ತುಂಬ ಕಲಾವಿದರು ಹೀಗೆಯೇ. ಕಛೇರಿಯೂ ಕೊಡುತ್ತಾರೆ, ಪಾಠವೂ ಹೇಳುತ್ತಾರೆ. ಮಗಳ ಮೇಷ್ಟ್ರೂ ಅಷ್ಟೇ, ರಾತ್ರಿ ಕ್ಲಬ್ಬಿನಲ್ಲಿ ನುಡಿಸಿ ಬೆಳಿಗ್ಗೆ ಮಕ್ಕಳ ಮುಂದೆ ನಿಲ್ಲುತ್ತಾರೆ. ಅದು ಅವರಿಗೆ ಸಂಬಳದ, ಗೌರವದ ಕೆಲಸ. ನಮ್ಮ ಮಾವನಿಗೆ ಗೊತ್ತಿರುವ ಸಂಗೀತ ಎಷ್ಟು ಜಾಸ್ತಿ! ಚಿಂತಾಮಣಿಯ ಒಂದೇ ಒಂದು ಶಾಲೆ ವಾರಕ್ಕೆ ಎರಡು ದಿನ ಅವರನ್ನು ಕರೆದಿದ್ದರೆ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಮೇಷ್ಟ್ರ ಪಾಠ ನೋಡಿ ಆಶ್ಚರ್ಯ ಆಯಿತು. ಪುಸ್ತಕ ಪಕ್ಕಕ್ಕೆ. ಅವರು ನಾಲ್ಕು ಎಣಿಕೆ ಊದುತ್ತಾರೆ, ಮಗು ಅದನ್ನೇ ತಿರುಗಿ ಊದಬೇಕು. ಊದಲು ಬರದಿದ್ದರೆ ಮೊದಲು ಬಾಯಲ್ಲಿ ಹಾಡು ಅನ್ನುತ್ತಾರೆ. ನಮ್ಮ ಕಡೆ ಗುರುವಿನ ಎದುರು ಕೂತು ಕಲಿಯುವುದೂ ಹೀಗೇ ತಾನೆ? ಆಮೇಲೆ ಜಾಸ್‌ನ ಬೇರುಗಳಲ್ಲೊಂದಾದ ಬ್ಲೂಸ್ ಶುರುವಾಯಿತು. ಅದು 12 ಬಾರಿನ, ಅಂದರೆ 12 ತುಂಡುಗಳ ಸುತ್ತು, ಒಂದೊಂದರಲ್ಲಿ 4 ಎಣಿಕೆ, ಒಟ್ಟು 48. ಮನೆಯಲ್ಲಿ ತೊಡೆ ತಟ್ಟಿ ನೋಡಿದೆ. ಸರಿಯಾಗಿ 8 ಎಣಿಕೆಯ ಆದಿತಾಳದ 6 ಆವರ್ತ! ಆ ಸುತ್ತು ತಪ್ಪದೆ ಒಳಗೆ ಏನು ಬೇಕಾದರೂ ಕಟ್ಟಿಕೊಳ್ಳಬಹುದು.

ಹೋದ ಭಾನುವಾರ ಮಾವನಿಗೆ ವಾಟ್ಸಾಪ್ ವೀಡಿಯೊ ಕಾಲ್ ಮಾಡಿದೆ. ಅಲ್ಲಿ ಸಂಜೆ, ಜಗಲಿಯ ಮೇಲೆ ಕೂತಿದ್ದರು. "ತಾತನಿಗೆ ಸ್ವಲ್ಪ ಊದು" ಅಂದೆ. ಮಗಳು ಬ್ಲೂಸಿನ ಐದು ಸ್ವರಗಳನ್ನು ಮೇಲೆ ಕೆಳಗೆ ಮಾಡಿ ಊದಿದಳು. ಮಾವ ಕಣ್ಣು ಮುಚ್ಚಿ ಕೇಳಿದರು.

"ಏನಮ್ಮಾ, ಮಗು ಶುದ್ಧ ಧನ್ಯಾಸಿ ಊದ್ತಾ ಇದೆಯಲ್ಲ! ಯಾರು ಹೇಳಿಕೊಟ್ರು?"

ಸ, ಗ, ಮ, ಪ, ನಿ. ನಿಜಕ್ಕೂ ಆ ರಾಗದ್ದೂ ಅವೇ ಸ್ವರಗಳು. ನನಗೆ ಗೊತ್ತೇ ಆಗಿರಲಿಲ್ಲ.

"ಗಾಂಧಾರ ಹಾಗೆ ನೆಟ್ಟಗೆ ನಿಲ್ಲಿಸಬಾರದು ಪುಟ್ಟಿ," ಅಂದರು ಮಾವ. "ತುಟಿ ಸ್ವಲ್ಪ ಸಡಿಲ ಬಿಡು, ಅಲುಗಿಸು."

ಮಗಳು ನನ್ನ ಮುಖ ನೋಡಿದಳು. "ಅಮ್ಮಾ, ಸಾರ್ ಕೂಡ ಇದೇ ಸ್ವರ ಬಗ್ಗಿಸು ಅಂತಾರೆ!"

ಮಾವ ಒಳಗೆ ಹೋಗಿ ತಮ್ಮ ಸ್ಯಾಕ್ಸೊಫೋನ್ ತಂದರು. ಆಮೇಲೆ ಮುಕ್ಕಾಲು ಗಂಟೆ ಅವರು ಊದುವುದು, ಇವಳು ತಿರುಗಿ ಊದುವುದು. ನಾನು ಫೋನ್ ಹಿಡಿದುಕೊಂಡು ನಿಂತೇ ಇದ್ದೆ.