ಮೋಟಾರು ಇಲ್ಲದ ದಾರಿ: ಬೋರ್ಡೋದಿಂದ ತುಲೂಸ್‌ವರೆಗೆ

ಫ್ರಾನ್ಸಿನಲ್ಲಿ ಸೈಕಲ್ ತುಳಿಯಬೇಕೆಂದುಕೊಂಡವರು ಸಾಮಾನ್ಯವಾಗಿ ಆಲ್ಪ್ಸ್ ಪರ್ವತದ ಘಾಟಿಗಳನ್ನೇ ಮೊದಲು ನೆನೆಯುತ್ತಾರೆ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು ಟಿವಿಯಲ್ಲಿ ನೋಡಿದವರಿಗೆ ಅದು ಸಹಜ. ಆದರೆ ಭಾನುವಾರ ನಸುಕಿನಲ್ಲಿ ಧಾರವಾಡದಿಂದ ಕಲಘಟಗಿಯ ಕಡೆಗೋ ಹಳಿಯಾಳದ ಕಡೆಗೋ ಹೊರಟು, ಹಿಂದಿನಿಂದ ಬರುವ ಲಾರಿಯ ಸದ್ದಿಗೆ ಕಿವಿಗೊಟ್ಟೇ ದಾರಿ ಸವೆಸುವ ನಮ್ಮಂಥವರಿಗೆ ಆ ದೇಶ ಕೊಡಬಹುದಾದ ದೊಡ್ಡ ಸುಖ ಘಾಟಿಗಳಲ್ಲಿಲ್ಲ. ಅದಿರುವುದು ಅಲ್ಲಿಯವರು ‘ವ್ವಾ ವೆರ್ತ್’ ಎಂದು ಕರೆಯುವ ಹಸಿರು ದಾರಿಗಳಲ್ಲಿ. ನಡೆಯುವವರು, ಸೈಕಲ್ಲಿನವರು ಮತ್ತು ಕುದುರೆ ಸವಾರರಿಗೆ ಮಾತ್ರ ಮೀಸಲಾದ ಈ ದಾರಿಗಳಿಗೆ 2004ರಲ್ಲಿ ಅಲ್ಲಿನ ರಸ್ತೆ ಸಂಚಾರ ನಿಯಮಾವಳಿಯಲ್ಲೇ ಪ್ರತ್ಯೇಕ ಸ್ಥಾನ ದೊರೆಯಿತು. ರಸ್ತೆಯ ಅಂಚಿಗೆ ಬಿಳಿ ಗೆರೆ ಎಳೆದು ಸೈಕಲ್ ಪಥವೆಂದು ಹೆಸರಿಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ವಿಶೇಷ ಅನುಮತಿ ಇರುವವನ್ನು ಬಿಟ್ಟರೆ ಇಲ್ಲಿ ಮೋಟಾರು ವಾಹನ ಕಾಲಿಡುವಂತಿಲ್ಲ.

ಇಷ್ಟು ಉದ್ದದ ದಾರಿಗಳಿಗೆ ಜಾಗ ಎಲ್ಲಿಂದ ಬಂತು ಎಂಬುದೇ ನನಗೆ ಅತ್ಯಂತ ಕುತೂಹಲದ ಸಂಗತಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಲೋಕೋಪಯೋಗಿ ಸಚಿವ ಫ್ರೆಸಿನೆ ಅವರ ಯೋಜನೆಯಂತೆ, ಸಣ್ಣ ಸಣ್ಣ ಪಟ್ಟಣಗಳಿಗೂ ರೈಲು ಹಳಿ ಹಾಸಲಾಯಿತು. ಮುಂದೆ ಬಸ್ಸು, ಕಾರುಗಳು ಬಂದ ಮೇಲೆ ಇಂಥ ಮಾರ್ಗಗಳು ಒಂದೊಂದಾಗಿ ಮುಚ್ಚಿದವು. ಹಳಿ ಹೋದರೂ ಹಲವು ಕಡೆ ನೆಲ ಉಳಿಯಿತು: ಊರಿಂದ ಊರಿಗೆ ತುಂಡಾಗದೆ ಸಾಗುವ, ಸಾರ್ವಜನಿಕ ಒಡೆತನದ ಕಿರಿದಾದ ಪಟ್ಟಿ. ಬರ್ಗಂಡಿ ಪ್ರಾಂತದಲ್ಲಿ ಜಿವ್ರಿಯಿಂದ ಕ್ಲೂನಿಯವರೆಗೆ ಇಂಥ ಪಟ್ಟಿಯ ಮೇಲೆ 1997ರಲ್ಲಿ ಆ ದೇಶದ ಮೊದಲ ಹಸಿರು ದಾರಿ ಸಿದ್ಧವಾಯಿತು. ಕಾಲುವೆಗಳ ಕಥೆಯೂ ಹೆಚ್ಚು ಬೇರೆಯಲ್ಲ. ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುವ ಕುದುರೆಗಳಿಗಾಗಿ ದಂಡೆಯುದ್ದಕ್ಕೂ ಮಾಡಿದ್ದ ದಾರಿ ಇಂದು ಸೈಕಲ್ಲಿಗೆ ಒದಗಿದೆ. ಉಗಿಬಂಡಿಗೂ ಕುದುರೆಗೂ ಕಡಿದಾದ ಏರು ಆಗದು. ನೂರು ವರ್ಷಗಳಿಗೂ ಹಿಂದಿನ ಎಂಜಿನಿಯರುಗಳು ಅವುಗಳಿಗೋಸ್ಕರ ನೆಲವನ್ನು ಸಮ ಮಾಡಿದ್ದರಿಂದಲೇ ಇವತ್ತು ಅರವತ್ತು ದಾಟಿದವರೂ ಚೀಲ ಹೇರಿಕೊಂಡು ಅಲ್ಲಿ ನಿರಾಯಾಸವಾಗಿ ತುಳಿಯಬಲ್ಲರು.

ನಾನು ಹೋದದ್ದು ನೈಋತ್ಯ ಭಾಗಕ್ಕೆ. ಬೋರ್ಡೋ ನಗರದ ಹೊರವಲಯದಿಂದ ಸೋವ್‌ತೆರ್ ಎಂಬ ಪುಟ್ಟ ಊರಿನವರೆಗೆ ಹಳೆಯ ರೈಲು ಮಾರ್ಗವೊಂದು ದ್ರಾಕ್ಷಿ ತೋಟಗಳ ನಡುವೆ ಐವತ್ತಕ್ಕೂ ಹೆಚ್ಚು ಕಿ.ಮೀ. ಸಾಗುತ್ತದೆ. 1937ರ ಟೂರ್ ಡಿ ಫ್ರಾನ್ಸ್ ಗೆದ್ದ ರೋಜೆ ಲಾಪೆಬಿ ಅವರ ಹೆಸರನ್ನು ಈ ದಾರಿಗೆ ಇಟ್ಟಿದ್ದಾರೆ. ಗೇರ್ ಬದಲಿಸುವ ಸಾಧನಕ್ಕೆ ಆ ಸ್ಪರ್ಧೆಯಲ್ಲಿ ಮೊದಲ ಬಾರಿ ಅನುಮತಿ ಸಿಕ್ಕ ವರ್ಷವೂ ಅದೇ. ಕ್ರೆಯೋಂ ಪಟ್ಟಣದ ಹಳೆಯ ರೈಲು ನಿಲ್ದಾಣ ಈಗ ಸೈಕಲ್ ಪ್ರವಾಸಿಗರ ತಂಗುದಾಣವಾಗಿದೆ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕುಳಿತು ಬ್ರೆಡ್ಡು ಚೀಸು ತಿನ್ನುವಾಗ ರೈಲು ಬರಬೇಕಿದ್ದ ಜಾಗದಲ್ಲಿ ಮಕ್ಕಳು ಸೈಕಲ್ ಕಲಿಯುತ್ತಿದ್ದರು.

ಸೋವ್‌ತೆರ್ ದಾಟಿದ ಮೇಲೆ ಸ್ವಲ್ಪ ದೂರ ವಾಹನ ವಿರಳವಾಗಿರುವ ಹಳ್ಳಿ ರಸ್ತೆ. ಅನಂತರ ಗಾರೋನ್ ಕಾಲುವೆ. 1856ರಲ್ಲಿ ಪೂರ್ಣಗೊಂಡ ಈ ಕಾಲುವೆ ತುಲೂಸ್‌ವರೆಗಿನ 193 ಕಿ.ಮೀ.ನಲ್ಲಿ 53 ಲಾಕ್‌ಗಳ ಮೂಲಕ 128 ಮೀಟರ್ ಏರುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ತುಳಿದುಕೊಂಡು ಬಂದವರಿಗೆ ಇದು ಏರೆಂದೇ ಅನಿಸದು. ಲಾಕ್ ಎಂದರೆ ಹಿಂದೆ ಮುಂದೆ ಬಾಗಿಲುಗಳಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಕೆಳಗಿನ ಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಡುತ್ತಾರೆ. ನೀರಿನೊಂದಿಗೆ ದೋಣಿಯೂ ಮೇಲೇಳುತ್ತದೆ. ಸೈಕಲ್ಲಿನವರಿಗೆ ಮಾತ್ರ ಪ್ರತಿ ಲಾಕ್ ಬಳಿ ನಾಲ್ಕಾರು ತುಳಿತದ ಪುಟ್ಟ ಏರು, ಮತ್ತೆ ಸಪಾಟು. ಪಕ್ಕದಲ್ಲಿ ಕಾವಲುಗಾರನಿಗೆಂದು ಕಟ್ಟಿದ ಮನೆ, ಅದರ ಗೋಡೆಯ ಮೇಲೆ ಹಿಂದಿನ ಮತ್ತು ಮುಂದಿನ ಲಾಕ್‌ಗಳಿಗೆ ಎಷ್ಟು ದೂರವೆಂದು ಬರೆದ ಫಲಕ. ಆ ಫಲಕಗಳನ್ನು ಓದುತ್ತ ಹೋದರೆ ನಕ್ಷೆ ತೆಗೆಯುವ ಅಗತ್ಯವೇ ಬೀಳುವುದಿಲ್ಲ.

ಬಹುತೇಕ ಪೂರ್ತಿ ಡಾಂಬರು ಹಾಕಿರುವ ದಾರಿಯಾದರೂ ಕಣ್ಣು ನೆಲದ ಮೇಲಿರಬೇಕು. ಸಾಲಾಗಿ ನೆಟ್ಟ ಪ್ಲೇನ್ ಮರಗಳ ಬೇರುಗಳು ಅಲ್ಲಲ್ಲಿ ಡಾಂಬರನ್ನು ಒಳಗಿನಿಂದಲೇ ಎತ್ತಿ ಗೆಣ್ಣು ಕಟ್ಟಿವೆ; ನೆರಳು ಬೆಳಕಿನ ಚಿತ್ತಾರದಲ್ಲಿ ಅವು ಕಾಣಿಸುವ ಮೊದಲೇ ಚಕ್ರಕ್ಕೆ ತಾಕುತ್ತವೆ. ಆಜೆಂ ಪಟ್ಟಣದಲ್ಲಿ ಕಾಲುವೆಯೇ ಸೇತುವೆಯ ಮೇಲೇರಿ ಗಾರೋನ್ ನದಿಯನ್ನು ದಾಟುತ್ತದೆ. 539 ಮೀಟರ್ ಉದ್ದ, 23 ಕಮಾನು. ಸೈಕಲ್ಲಿನಿಂದಿಳಿದು ಅದರ ಪಕ್ಕದ ಕಿರುದಾರಿಯಲ್ಲಿ ನಡೆಯುತ್ತಿದ್ದಾಗ ಎಡಕ್ಕೆ ಭುಜದ ಸಮೀಪದಲ್ಲೇ ದೋಣಿಯೊಂದು ಸದ್ದಿಲ್ಲದೆ ಸಾಗಿತು, ಬಲಕ್ಕೆ ಕೆಳಗೆ ಬಹಳ ಆಳದಲ್ಲಿ ನದಿ ಹರಿಯುತ್ತಿತ್ತು. ಇಡೀ ಪ್ರವಾಸದಲ್ಲಿ ಒಂದೇ ಒಂದು ಜಾಗವನ್ನು ತೋರಿಸು ಎಂದರೆ ನಾನು ಇದನ್ನೇ ತೋರಿಸುತ್ತೇನೆ. ಮುಂದೆ ಮ್ವಾಸಾಕ್‌ನಲ್ಲಿ 1100ರಲ್ಲಿ ಪೂರ್ಣಗೊಂಡ ಮಠದ ಅಂಗಳ, ಒಂದೊಂದು ಕಂಬದ ತಲೆಯಲ್ಲೂ ಬೇರೆ ಬೇರೆ ಕೆತ್ತನೆ. ಲಕ್ಕುಂಡಿಯ ಕಂಬಗಳ ಮುಂದೆ ಗಂಟೆಗಟ್ಟಲೆ ನಿಲ್ಲುವವರು ಇಲ್ಲಿಗೂ ಅರ್ಧ ದಿನ ತೆಗೆದಿಡಬೇಕು.

ಹೋಗುವವರಿಗೆ ಕೆಲವು ಮಾತು. ಪಶ್ಚಿಮದಿಂದ ಪೂರ್ವಕ್ಕೆ ತುಳಿಯುವುದು ಒಳ್ಳೆಯದು, ಅಟ್ಲಾಂಟಿಕ್ ಗಾಳಿ ಬೆನ್ನಿಗಿರುವ ಸಂಭವ ಹೆಚ್ಚು. ಮೇ, ಜೂನ್ ಅಥವಾ ಸೆಪ್ಟೆಂಬರ್ ಸೂಕ್ತ ಕಾಲ. ಹಳ್ಳಿಗಳಲ್ಲಿ ಮಧ್ಯಾಹ್ನ ಅಂಗಡಿಗಳು ಮುಚ್ಚುತ್ತವೆ, ಆದ್ದರಿಂದ ಸಸ್ಯಾಹಾರಿಗಳು ಬೆಳಿಗ್ಗೆಯೇ ಬ್ರೆಡ್ಡು, ಹಣ್ಣು, ಆಜೆಂ ಸೀಮೆಯ ಒಣ ಪ್ಲಮ್ಮು ಕಟ್ಟಿಕೊಳ್ಳಬೇಕು. ನೀರು ಮುಗಿದರೆ ಊರಿನ ಸ್ಮಶಾನ ಹುಡುಕಿ. ಅಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ, ಸೈಕಲ್ಲಿನವರು ಬಾಟಲಿ ತುಂಬಿಕೊಳ್ಳುವುದನ್ನು ಯಾರೂ ತಪ್ಪಾಗಿ ಕಾಣುವುದಿಲ್ಲ. ‘ಆಕೇಯ್ ವೆಲೋ’ ಎಂಬ ಫಲಕವಿರುವ ವಸತಿಗಳಲ್ಲಿ ಸೈಕಲ್ ಇಡಲು ಬೀಗದ ಜಾಗವೂ ದುರಸ್ತಿಯ ಉಪಕರಣಗಳೂ ಇರುತ್ತವೆ. ತುಲೂಸ್‌ನಿಂದ ಮುಂದೆ ಮಿದಿ ಕಾಲುವೆಯ ಗುಂಟ ಮೆಡಿಟರೇನಿಯನ್ ಸಮುದ್ರದವರೆಗೂ ಹೋಗಬಹುದು, ಆದರೆ ಸುಮಾರು 50 ಕಿ.ಮೀ. ಕಳೆದ ಮೇಲೆ ಡಾಂಬರು ಮುಗಿದು ಮಣ್ಣಿನ ದಾರಿ ಶುರುವಾಗುತ್ತದೆ; ತೆಳು ಟಯರಿನವರು ಯೋಚಿಸಬೇಕು.

ಕಾಲುವೆ ದಂಡೆ ನಮ್ಮಲ್ಲಿಯೂ ಇದೆ. ನವಿಲುತೀರ್ಥದಿಂದ ಹೊರಟ ಮಲಪ್ರಭಾ ಬಲದಂಡೆ ಕಾಲುವೆ ನವಲಗುಂದ, ನರಗುಂದ ಸೀಮೆಯ ಎರಿ ಹೊಲಗಳ ನಡುವೆ ಸಾಗುತ್ತದೆ. ಅದರ ಪಕ್ಕದ ಸರ್ವಿಸ್ ರಸ್ತೆಯ ಕೆಲವು ತುಂಡುಗಳಲ್ಲಿ ನಾನು ತುಳಿದಿದ್ದೇನೆ. ಮಳೆ ಬಿದ್ದರೆ ಎರಿ ಮಣ್ಣು ಬ್ರೇಕಿಗೂ ಚಕ್ರಕ್ಕೂ ನಡುವೆ ಮೆತ್ತಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊರಿಸುತ್ತದೆ, ಬೇಸಿಗೆಯಲ್ಲಿ ಜಾಲಿ ಮುಳ್ಳು ಟ್ಯೂಬು ಉಳಿಸುವುದಿಲ್ಲ. ಆದರೂ ಅದು ಸಪಾಟಾದ, ಸಾರ್ವಜನಿಕ ಒಡೆತನದ, ಊರಿಂದ ಊರಿಗೆ ಸಾಗುವ ನೆಲ. ಗಟ್ಟಿ ಮೊರಂ ಹಾಸಿ, ರಸ್ತೆ ಅಡ್ಡ ಬರುವಲ್ಲಿ ವಾಹನ ನುಗ್ಗದಂತೆ ಕಂಬ ನೆಟ್ಟರೆ ಕಾಲುವೆ ನೋಡಿಕೊಳ್ಳುವ ಸಿಬ್ಬಂದಿಗೂ, ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳಿಗೂ ಅನುಕೂಲ. ಸಿಬ್ಬಂದಿಯ ಜೀಪು ಬಂದಾಗ ತೆಗೆಯಲು ಬರುವಂತೆ ಬೀಗವಿರುವ ಕಂಬಗಳನ್ನು ಗಾರೋನ್ ದಂಡೆಯಲ್ಲಿ ನೋಡಿದ್ದೇನೆ. ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ಗುಂಟ ಕೈಗೊಂಡ ಹಸಿರು ಸಂಚಾರ ಪಥಕ್ಕೆ ಕೇಂದ್ರದ ‘ಸಿಟೀಸ್’ ಎಂಬ ನಗರಾಭಿವೃದ್ಧಿ ಕಾರ್ಯಕ್ರಮದ ಮೂಲಕ ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವೂ ದೊರೆತಿದೆಯಾದ್ದರಿಂದ, ಇಂಥ ದಾರಿಯ ಮಾತು ನಮ್ಮೂರಿಗೆ ತೀರ ಹೊಸದೇನೂ ಅಲ್ಲ.

ಮಳೆಗಾಲ ಮುಗಿದು ನೆಲ ಗಟ್ಟಿಯಾದ ಮೇಲೆ, ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿರುವ ಹೊತ್ತಿಗೆ, ನವಲಗುಂದದ ಕಡೆಯ ಕಾಲುವೆ ದಂಡೆಯನ್ನು ಎಲ್ಲೆಲ್ಲಿ ತುಳಿಯಬಹುದು, ಎಲ್ಲೆಲ್ಲಿ ಕಡಿದುಹೋಗಿದೆ ಎಂದು ಗುರುತು ಹಾಕಿಕೊಂಡು ಬರುವ ಆಲೋಚನೆಯಿದೆ. ಅಗಲ ಟಯರಿನ ಸೈಕಲ್ಲೂ ಎರಡು ಹೆಚ್ಚುವರಿ ಟ್ಯೂಬೂ ಇರುವವರು ಜೊತೆಗೆ ಬರಬಹುದು.