ಗುದ್ದಲಿಗೆ ಹೊಸ ಕಾವು

ಕಳೆದ ವಾರ ಅಡಿಕೆ ತೋಟದ ಬಸಿಗಾಲುವೆ ಬಿಡಿಸುತ್ತಿದ್ದಾಗ ನನ್ನ ಹಳೆಯ ಗುದ್ದಲಿಯ ಕಾವು (ಮರದ ಹಿಡಿ) ಕಣ್ಣಿನ, ಅಂದರೆ ಅದನ್ನು ತೂರಿಸುವ ಕಬ್ಬಿಣದ ಬಳೆಯ, ಬುಡದಲ್ಲೇ ಮುರಿಯಿತು. ತಪ್ಪು ನನ್ನದೇ. ಕಾವು ಸಡಿಲವಾದಾಗಲೆಲ್ಲ ಗುದ್ದಲಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬಿಗಿಯಾಯಿತೆಂದು ಸಮಾಧಾನಪಡುತ್ತಿದ್ದೆ. ನೆನೆದ ಮರ ಉಬ್ಬುವುದು ನಿಜ. ಆದರೆ ಕಬ್ಬಿಣದ ಬಳೆಯೊಳಗೆ ಉಬ್ಬಲು ಜಾಗವಿಲ್ಲದೆ ಅದರ ನಾರುಗಳು ಜಜ್ಜಿಹೋಗುವುದರಿಂದ, ಒಣಗಿದ ಮೇಲೆ ಕಾವು ಮೊದಲಿಗಿಂತ ಸಣ್ಣದಾಗಿ ಇನ್ನಷ್ಟು ಅಲುಗಾಡುತ್ತದೆ. ಮುರಿದ ತುಂಡಿನಲ್ಲಿ ಬಳೆಯೊಳಗಿದ್ದ ಭಾಗವು ಕಪ್ಪಾಗಿ, ಉಗುರಿನಿಂದ ಕೆರೆದರೆ ಪುಡಿಯುದುರುವಷ್ಟು ಮೆತ್ತಗಾಗಿತ್ತು.

ಕಣ್ಣಿನಲ್ಲಿ ಸಿಕ್ಕಿಕೊಂಡ ತುಂಡನ್ನು ಒಲೆಗೆ ಹಾಕಿ ಸುಡುವವರಿದ್ದಾರೆ. ಕೆಲಸವೇನೋ ಸುಲಭ, ಆದರೆ ಕಾವು ಸುಡುವ ಬಿಸಿ ಅಲಗಿಗೂ ಹರಿದರೆ ಕಮ್ಮಾರ ಕೊಟ್ಟ ಹದ ಇಳಿದು ಅದು ಬೇಗ ಮೊಂಡಾಗುತ್ತದೆ. ಆದ್ದರಿಂದ ಡ್ರಿಲ್ಲಿನಿಂದ ನಾಲ್ಕಾರು ತೂತು ಕೊರೆದು, ಉಳಿದದ್ದನ್ನು ಕಬ್ಬಿಣದ ಸರಳಿನಿಂದ ಬಡಿದು ಹೊರಗೆ ತಳ್ಳಿದೆ.

ಹೊಸ ಕಾವಿಗೆ ಅಟ್ಟದ ಮೇಲೆ ಎರಡು ವರ್ಷ ಒಣಗಿದ್ದ ತಡಸಲು ಮರದ ಗಳು ಸಿಕ್ಕಿತು. ಬಯಲುಸೀಮೆಯವರು ಜಾಲಿಯನ್ನು ಮೆಚ್ಚುತ್ತಾರೆ. ನನಗೆ ಮಾತ್ರ ಪೆಟ್ಟಿಗೆ ತುಸು ಬಾಗಿ ಮತ್ತೆ ನೆಟ್ಟಗಾಗುವ ತಡಸಲೇ ಇಷ್ಟ. ಯಾವ ಮರವಾದರೂ ಹಸಿಯಿರಬಾರದು, ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೇರವಾಗಿ ಓಡಿರಬೇಕು. ಎಳೆ ಓರೆಯಾಗಿ ಅಂಚಿಗೆ ಬಂದು ಮುಗಿದಿದ್ದರೆ ಕಾವು ಅಲ್ಲೇ ಸೀಳುತ್ತದೆ.

ತುದಿಯನ್ನು ಕೆತ್ತುವುದೇ ತಾಳ್ಮೆಯ ಕೆಲಸ. ಸ್ವಲ್ಪ ಕೆತ್ತಿ, ಕಣ್ಣಿಗೆ ತೂರಿಸಿ, ಹೊರತೆಗೆದು, ಕಬ್ಬಿಣ ಉಜ್ಜಿ ಹೊಳೆಯುವ ಗುರುತು ಎಲ್ಲಿದೆಯೋ ಅಲ್ಲಿ ಮಾತ್ರ ಮತ್ತೆ ಕೆತ್ತಬೇಕು. ನನಗೆ ಹೀಗೆ ಒಂಬತ್ತು ಸಲ ಆಯಿತು. ಕೊನೆಗೆ ಗುದ್ದಲಿಯನ್ನು ತಲೆಕೆಳಗಾಗಿ ತೂಗಿಹಿಡಿದು ಕಾವಿನ ಮೇಲ್ತುದಿಗೆ ಮರದ ಕೊಡತಿಯಿಂದ ಬಡಿದೆ. ಭಾರವಾದ ತಲೆ ನಿಂತಲ್ಲೇ ನಿಲ್ಲುವುದರಿಂದ ಕಾವು ಪೆಟ್ಟುಪೆಟ್ಟಿಗೂ ಕಣ್ಣಿನೊಳಗೆ ಇಳಿಯುತ್ತದೆ. ಆಮೇಲೆ ತುದಿಯ ಸೀಳಿಗೆ ಒಣ ಮರದ ಬೆಣೆ ಹೊಡೆದೆ. (ಪಿಕಾಸಿಗೆ ಈ ರಗಳೆಯಿಲ್ಲ: ತೆಳು ತುದಿಯಿಂದ ತಲೆಯನ್ನು ಏರಿಸಿದರೆ ದಪ್ಪ ತುದಿಯಲ್ಲಿ ತಾನೇ ಕಚ್ಚಿಕೊಳ್ಳುತ್ತದೆ.)

ವಾರ್ನಿಶ್ ಬಳಿಯಲಿಲ್ಲ, ಬೆವರುವ ಕೈಗೆ ಅದು ಬೊಬ್ಬೆ ತರಿಸುತ್ತದೆ. ಅಗಸೆ ಎಣ್ಣೆಯನ್ನು ಎರಡು ಬಾರಿ ಸವರಿ ನೆರಳಿನಲ್ಲಿ ಒರಗಿಸಿದ್ದೇನೆ. ಬಸಿಗಾಲುವೆ ಇನ್ನೂ ಅರ್ಧ ಬಾಕಿಯಿದೆ.