ಮೆಕ್‌ಗಹನ್ ಕಂಡ ಬಟಾಕ್

ಪ್ಲೊವ್‌ಡಿವ್‌ನಿಂದ ಪೆಷ್ಟೆರಾದವರೆಗೆ ಬಯಲು. ಅಲ್ಲಿಂದ ಮುಂದೆ ಬಸ್ಸು ರೊಡೊಪಿ ಬೆಟ್ಟಗಳನ್ನು ಏರುತ್ತದೆ. ಬಲ್ಗೇರಿಯದ ಪ್ರವಾಸಿಗರು ಇತ್ತ ಬರುವುದು ಬಟಾಕ್ ಜಲಾಶಯದ ತಂಪಿಗೆ. ನನಗೆ ಬೇಕಿದ್ದದ್ದು ಬಟಾಕ್ ಊರ ನಡುವಿನ ಸ್ವೆತಾ ನೆದೆಲ್ಯಾ ಚರ್ಚು. 1813ರಲ್ಲಿ ಕಟ್ಟಿದ, ಆಡಂಬರವಿಲ್ಲದ ಕಲ್ಲಿನ ಕಟ್ಟಡ, ಈಗ ವಸ್ತುಸಂಗ್ರಹಾಲಯ.

1876ರ ವಸಂತದಲ್ಲಿ ಒಟ್ಟೋಮನ್ ಆಳ್ವಿಕೆಯ ವಿರುದ್ಧ ಬಲ್ಗೇರಿಯನ್ನರು ದಂಗೆಯೆದ್ದರು. ಅದನ್ನು ಅಡಗಿಸಲು ಬಂದವರು ಬಾಶಿಬಜೂಕರು, ಲೂಟಿಯನ್ನೇ ಸಂಬಳವೆಂದುಕೊಂಡ ಅರೆಸೈನಿಕರು. ಅವರು ಬಟಾಕನ್ನು ಮುತ್ತಿದಾಗ ಜನ ಈ ಚರ್ಚಿನೊಳಗೆ ಸೇರಿ ಬಾಗಿಲು ಹಾಕಿಕೊಂಡರು. ನೀರಿಲ್ಲದೆ ಬರಿಗೈಯಲ್ಲಿ ನೆಲ ಬಗೆದರು. ಆ ಗುಂಡಿ ಇಂದಿಗೂ ಇದೆ. ಸಾಲಾಗಿಟ್ಟ ತಲೆಬುರುಡೆಗಳಿಗಿಂತ ನನ್ನನ್ನು ಹೆಚ್ಚು ಕಲಕಿದ್ದು ಅದೇ.

ಊರಿನವರ ಹತ್ಯೆಯಾಗಿ ತಿಂಗಳುಗಳೇ ಕಳೆದ ಮೇಲೆ ಇಲ್ಲಿಗೆ ಬಂದವನು ಪತ್ರಕರ್ತ ಜಾನ್ಯುಯೇರಿಯಸ್ ಮೆಕ್‌ಗಹನ್. ಅಮೆರಿಕದ ಓಹಾಯೊದವನು, ಐರಿಷ್ ವಲಸಿಗನ ಮಗ. ಪ್ಯಾರಿಸ್ ಕಮ್ಯೂನ್ ಎಂಬ ಬಂಡಾಯವನ್ನು ವರದಿ ಮಾಡಿದ್ದ, ಮರುಭೂಮಿ ದಾಟಿ ಮಧ್ಯ ಏಷ್ಯಾದ ಖೀವಾ ತಲುಪಿದ್ದ. ಈ ಸಲ ಲಂಡನ್ನಿನ ‘ಡೈಲಿ ನ್ಯೂಸ್’ ಪತ್ರಿಕೆಯ ಪರವಾಗಿ, ಅಮೆರಿಕದ ರಾಜತಾಂತ್ರಿಕ ಯೂಜೀನ್ ಸ್ಕೈಲರ್ ಜೊತೆ ಕುದುರೆಯೇರಿ ಬಂದಿದ್ದ. ಅತ್ತ ಬ್ರಿಟನ್ನಿನ ಪ್ರಧಾನಿ ಡಿಸ್ರೇಲಿ ಇಂಥ ಸುದ್ದಿಗಳನ್ನು ಕಾಫಿ ಅಂಗಡಿಯ ಹರಟೆಯೆಂದು ತಳ್ಳಿಹಾಕಿದ್ದರು. ಮೆಕ್‌ಗಹನ್ ವಾದಕ್ಕಿಳಿಯಲಿಲ್ಲ, ಕಂಡದ್ದನ್ನು ಬರೆದ: ತಲೆಗಳು ಒಂದೆಡೆ, ದೇಹಗಳು ಒಂದೆಡೆ, ಎಲುಬುಗಳ ನಡುವೆ ಹೆಂಗಸರ ಬಟ್ಟೆ, ಹೆಣ ತಿನ್ನುವ ನಾಯಿಗಳು. ಬಟಾಕ್ ಒಂದರಲ್ಲೇ ಸುಮಾರು 5,000 ಜನ ಸತ್ತರೆಂದು ಅಂದಾಜಿಸಿದ. ಈ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಕೊಲೆ ನಡೆದದ್ದನ್ನು ಮಾತ್ರ ಮತ್ತೆ ಹರಟೆಯೆನ್ನಲಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಈ ಹತ್ಯೆಗಳನ್ನು ಖಂಡಿಸಿ ಮಾಜಿ ಪ್ರಧಾನಿ ಗ್ಲ್ಯಾಡ್‌ಸ್ಟನ್ನರ ಕಿರುಹೊತ್ತಿಗೆ ಬಂತು, ಬ್ರಿಟನ್ನಿನ ಜನ ಸಿಡಿದರು. ಮರುವರ್ಷ ಒಟ್ಟೋಮನ್ ತುರ್ಕಿಯ ಮೇಲೆ ರಷ್ಯಾ ಯುದ್ಧ ಸಾರಿದಾಗ ಬ್ರಿಟನ್ ತುರ್ಕಿಯ ಪರವಾಗಿ ರಣರಂಗಕ್ಕಿಳಿಯಲಿಲ್ಲ. ಹಾಗೆಂದು ಬಲ್ಗೇರಿಯವನ್ನು ಒಟ್ಟೋಮನ್ನರಿಂದ ಬಿಡಿಸಿದವನೇ ಮೆಕ್‌ಗಹನ್ ಎಂಬ ಮಾತು ನನಗೆ ಅತಿಯೆನಿಸುತ್ತದೆ. ರಷ್ಯಾಕ್ಕೆ ಅದರದೇ ಲೆಕ್ಕಾಚಾರಗಳಿದ್ದವು. ಅದೇ ಯುದ್ಧದಲ್ಲಿ ಲಕ್ಷಗಟ್ಟಲೆ ಮುಸ್ಲಿಮರೂ ಮನೆಮಠ ಕಳೆದುಕೊಂಡರು. ಅವರ ಕಥೆ ಯುರೋಪನ್ನು ಇಷ್ಟು ಕೆರಳಿಸಲಿಲ್ಲ.

ಆ ಯುದ್ಧವನ್ನೂ ಮೆಕ್‌ಗಹನ್ ಕುಂಟುಗಾಲಿನಲ್ಲೇ ವರದಿ ಮಾಡಿದ. 1878ರ ಜೂನ್ 9ರಂದು ಕಾನ್‌ಸ್ಟಾಂಟಿನೋಪಲಿನಲ್ಲಿ ಜ್ವರದಿಂದ ತೀರಿಕೊಂಡ. 34 ತುಂಬಲು ಮೂರು ದಿನ ಬಾಕಿಯಿತ್ತು. 1884ರಲ್ಲಿ ಅವನ ಅವಶೇಷಗಳನ್ನು ಓಹಾಯೊಗೆ ಒಯ್ದರು. ರಷ್ಯನ್ನಳಾದ ಹೆಂಡತಿ ವರ್ವಾರಾ ಮುಂದೆ ಅಮೆರಿಕದಲ್ಲಿ ನೆಲೆಸಿ, ರಷ್ಯಾದ ಪತ್ರಿಕೆಗಳಿಗೆ ತಾನೇ ವರದಿಗಾರ್ತಿಯಾದಳು.